ಪರೀಕ್ಷೆಗೆ ಮೂರು ವಾರ: ಖೋ-ಖೋ ಬಿಡಿಸುವ ಮುನ್ನ

ಪ್ರಶ್ನೆ: ನಾವು ದಾವಣಗೆರೆಯ ನಿಟುವಳ್ಳಿಯವರು. ಮಗಳು ಅನುದಾನಿತ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಅವರ ಶಾಲೆಯ ಖೋ-ಖೋ ತಂಡ ತಾಲ್ಲೂಕು ಮಟ್ಟದಲ್ಲಿ ಗೆದ್ದು ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಗಿದೆ. ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ 4.30ರಿಂದ 6ರವರೆಗೆ ಅಭ್ಯಾಸ. ಪ್ರತಿಭಾ ಕಾರಂಜಿಯ ಆಶುಭಾಷಣಕ್ಕೂ ಅವಳದೇ ಹೆಸರು. ಅದಕ್ಕೆ ವಾರದಲ್ಲಿ ಎರಡು ಗಂಟೆ ಹೋಗುತ್ತದೆ. ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಬೆಳಿಗ್ಗೆ ಒಂದೊಂದು ಗಂಟೆ ಸಂಗೀತ ಪಾಠ, ಹೋಗಿಬರಲು ಅರ್ಧ ಗಂಟೆ. ಭಾನುವಾರ ಬಿಟ್ಟು ಆರೂ ದಿನ 6.30ರಿಂದ 8ರವರೆಗೆ ಪಿ.ಜೆ. ಬಡಾವಣೆಯಲ್ಲಿ ಟ್ಯೂಷನ್. ಊಟ, ಹೋಂವರ್ಕ್ ಮುಗಿಸಿ ರಾತ್ರಿ 12.30ರವರೆಗೆ ಓದುತ್ತಾಳೆ, ಬೆಳಿಗ್ಗೆ 5.30ಕ್ಕೆ ನಾನೇ ಎಬ್ಬಿಸುತ್ತೇನೆ. ಆದರೂ ಗಣಿತದ ಕಿರುಪರೀಕ್ಷೆಯಲ್ಲಿ 25ಕ್ಕೆ 11 ಬಂದಿದೆ, ತರಗತಿಯಲ್ಲಿ ತೂಕಡಿಸುತ್ತಾಳೆ ಎಂದು ಶಿಕ್ಷಕರು ಹೇಳಿದ್ದಾರೆ. ಎಸ್‌ಎ-1, ಅಂದರೆ ಅರ್ಧವಾರ್ಷಿಕ ಪರೀಕ್ಷೆಗೆ ಮೂರೇ ವಾರ ಇದೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಈಗಲೇ ಆಟ, ಹಾಡು ಎಲ್ಲ ಬಿಡಿಸು ಎನ್ನುತ್ತಾರೆ ಅವಳ ತಂದೆ. ಬಿಡಿಸುವ ಮಾತು ಎತ್ತಿದರೆ ಮಗಳು ಊಟ ಬಿಟ್ಟು ಅಳುತ್ತಾಳೆ. ದೈಹಿಕ ಶಿಕ್ಷಕರು, ಅವಳಿಲ್ಲದಿದ್ದರೆ ತಂಡವೇ ಇಲ್ಲ ಎನ್ನುತ್ತಾರೆ. ಯಾವುದನ್ನು ಬಿಡಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮೊದಲನೆಯದು ಈ ಮೂರು ವಾರಗಳದ್ದು; ಎರಡನೆಯದು ಮುಂದಿನ ವರ್ಷದ್ದು. ಈಗ ಸಡಿಲ ಬಿಟ್ಟರೆ ಹತ್ತನೇ ತರಗತಿ ಕೈತಪ್ಪೀತು ಎಂಬ ಭಯ ನಿಮ್ಮ ಯಜಮಾನರ ಮಾತಿನಲ್ಲಿದೆ, ಈಗ ಬಿಗಿ ಮಾಡಿದರೆ ಮಗಳೇ ಕೈತಪ್ಪಿಯಾಳು ಎಂಬ ಭಯ ನಿಮ್ಮ ಮಾತಿನಲ್ಲಿದೆ. ಎರಡೂ ಪ್ರೀತಿಯಿಂದ ಹುಟ್ಟಿದ ಭಯಗಳೇ. ಹದಿನೆಂಟು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ, ಆಮೇಲೆ ಹನ್ನೆರಡು ವರ್ಷಗಳಿಂದ ಇದೇ ಜಿಲ್ಲೆಯಲ್ಲಿ ಮಕ್ಕಳ ಆಪ್ತ ಸಮಾಲೋಚನೆ ಮಾಡುತ್ತಿರುವ ನನಗೆ, ಸೆಪ್ಟೆಂಬರ್ ಬಂತೆಂದರೆ ಇಂಥದೇ ಪತ್ರಗಳು ಬರುತ್ತವೆ. ಅದು ಮಕ್ಕಳ ತಪ್ಪಲ್ಲ. ಹೋಬಳಿ, ತಾಲ್ಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟಗಳು, ಪ್ರತಿಭಾ ಕಾರಂಜಿ, ಗಣೇಶನ ಹಬ್ಬ, ದಸರಾ ರಜೆಗೆ ಮುಂಚಿನ ಎಸ್‌ಎ-1, ಇವೆಲ್ಲವೂ ಮೊದಲ ಅವಧಿಯ ಕೊನೆಯ ಎಂಟು ಹತ್ತು ವಾರಗಳಿಗೇ ಬಂದು ಬೀಳುತ್ತವೆ. ಚುರುಕಾದ ಮಗುವಿನ ಹೆಸರನ್ನು ಪ್ರತಿಯೊಬ್ಬ ಶಿಕ್ಷಕರೂ ತಮ್ಮ ತಮ್ಮ ಪಟ್ಟಿಗೆ ಬರೆದುಕೊಂಡಿರುತ್ತಾರೆ. ಆ ಪಟ್ಟಿಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡುವವರು ಮಾತ್ರ ಯಾರೂ ಇರುವುದಿಲ್ಲ.

ಆದ್ದರಿಂದ ನಾನು ಮೊದಲು ಮಾಡಿದ್ದು ಲೆಕ್ಕ. ನೀವು ಬರೆದ ಸಮಯಗಳನ್ನೇ ಕೂಡಿಸಿದೆ. ಖೋ-ಖೋ ವಾರಕ್ಕೆ ಏಳೂವರೆ ಗಂಟೆ, ಸಂಗೀತ ಹೋಗಿಬರುವುದೂ ಸೇರಿ ಮೂರು ಗಂಟೆ, ಭಾಷಣ ಎರಡು ಗಂಟೆ, ಒಟ್ಟು ಹನ್ನೆರಡೂವರೆ. ಟ್ಯೂಷನ್ ಆರು ದಿನಕ್ಕೆ ಒಂಬತ್ತು ಗಂಟೆ. ನಿಟುವಳ್ಳಿಯಿಂದ ಪಿ.ಜೆ. ಬಡಾವಣೆಗೆ ಹೋಗಿಬರಲು ದಿನಕ್ಕೆ ನಲವತ್ತು ನಿಮಿಷ ಹಿಡಿದರೆ ಅದಕ್ಕೆ ಇನ್ನೂ ನಾಲ್ಕು ಗಂಟೆ ಸೇರಿ ಹದಿಮೂರಾಗುತ್ತದೆ. ಅಂದರೆ ಮನೆಯಲ್ಲಿ ಜಗಳಕ್ಕೆ ಕಾರಣವಾಗಿರುವ ಮೂರೂ ಚಟುವಟಿಕೆಗಳು ಸೇರಿ ತೆಗೆದುಕೊಳ್ಳುವುದಕ್ಕಿಂತ ಹೆಚ್ಚು ಹೊತ್ತನ್ನು, ಯಾರೂ ಪ್ರಶ್ನೆಯನ್ನೇ ಎತ್ತದ ಟ್ಯೂಷನ್ ಒಂದೇ ತೆಗೆದುಕೊಳ್ಳುತ್ತಿದೆ. ಟ್ಯೂಷನ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದಕ್ಕೆ ‘ಓದು’ ಎಂಬ ಹೆಸರಿರುವುದರಿಂದ ಅದು ಲೆಕ್ಕದಿಂದ ತಪ್ಪಿಸಿಕೊಂಡಿದೆ, ಅಷ್ಟೇ.

ಇನ್ನು ನಿದ್ದೆಯ ಲೆಕ್ಕ. 12.30ರಿಂದ 5.30 ಎಂದರೆ ಐದು ಗಂಟೆ. ಭಾನುವಾರ ಏಳರವರೆಗೆ ಮಲಗುತ್ತಾಳೆಂದು ಇಟ್ಟುಕೊಂಡರೂ ವಾರಕ್ಕೆ ಮೂವತ್ತಾರೂವರೆ ಗಂಟೆ. ಹದಿಮೂರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ನಿದ್ರಾ ತಜ್ಞರು ಒಪ್ಪಿರುವ ಅಳತೆ. ಕನಿಷ್ಠ ಎಂಟರಂತೆ ಹಿಡಿದರೆ ವಾರಕ್ಕೆ 56. ನಿಮ್ಮ ಮಗಳಿಗೆ ಪ್ರತಿ ವಾರ ಸುಮಾರು ಇಪ್ಪತ್ತು ಗಂಟೆ ನಿದ್ದೆ ಬಾಕಿ ಬೀಳುತ್ತಿದೆ. ನನ್ನ ಅಭಿಪ್ರಾಯದಲ್ಲಿ ಗಣಿತದ 11 ಅಂಕದ ಹಿಂದೆ ಮೊದಲು ಹುಡುಕಬೇಕಾದ ಕಾರಣ ಇದೇ. ಆಟದ ಮೈದಾನವನ್ನು ಆಮೇಲೆ ನೋಡೋಣ.

ರಾತ್ರಿ ಹೆಚ್ಚು ಹೊತ್ತು ಪುಸ್ತಕದ ಮುಂದೆ ಕೂತರೆ ಹೆಚ್ಚು ಓದಿದಂತೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ. ನಾನೂ ಶಿಕ್ಷಕಿಯಾಗಿದ್ದ ಮೊದಲ ವರ್ಷಗಳಲ್ಲಿ ಮಕ್ಕಳಿಗೆ ಅದನ್ನೇ ಹೇಳಿದ್ದೇನೆ, ಅದಕ್ಕಾಗಿ ಈಗಲೂ ನನಗೆ ನೋವಿದೆ. ಹಗಲು ಕಲಿತದ್ದು ನೆನಪಿನಲ್ಲಿ ನೆಲೆ ನಿಲ್ಲುವ ಕೆಲಸದ ದೊಡ್ಡ ಭಾಗ ನಡೆಯುವುದು ನಿದ್ದೆಯಲ್ಲಿ. ನಿದ್ದೆಯನ್ನು ಕತ್ತರಿಸಿ ಓದಿದ ಮಗು, ಒಂದು ಕೈಯಲ್ಲಿ ನೀರು ತುಂಬುತ್ತಾ ಇನ್ನೊಂದು ಕೈಯಲ್ಲಿ ಕೊಡದ ತಳವನ್ನು ತೂತು ಮಾಡಿದ ಹಾಗೆ. ಮರುದಿನ ತರಗತಿಯಲ್ಲಿ ತೂಕಡಿಸಿದಾಗ ಶಿಕ್ಷಕರು ಕಲಿಸಿದ್ದೂ ಹೋಗುತ್ತದೆ. ಅದನ್ನು ತುಂಬಿಕೊಳ್ಳಲು ಮತ್ತೆ ರಾತ್ರಿ ಜಾಗರಣೆ. ಹದಿಹರೆಯದಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ಸ್ರವಿಸುವ ಹೊತ್ತೇ ಒಂದೆರಡು ಗಂಟೆ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಬೆಳಗಿನ 5.30ಕ್ಕೆ ಏಳಲು ಅವಳು ತೋರುವ ಬೇಸರವನ್ನು ಸೋಮಾರಿತನವೆಂದು ದಯವಿಟ್ಟು ಓದಬೇಡಿ.

ಓದುವ ರೀತಿಯ ಬಗ್ಗೆಯೂ ಒಂದು ಮಾತು. 12.30ರವರೆಗೆ ಅವಳು ಏನು ಮಾಡುತ್ತಾಳೆಂದು ನೀವು ಬರೆದಿಲ್ಲ. ನನ್ನ ಬಳಿ ಬರುವ ಹೆಚ್ಚಿನ ಮಕ್ಕಳು ಆ ಹೊತ್ತಿನಲ್ಲಿ ನೋಟ್ಸನ್ನು ಮತ್ತೆ ಮತ್ತೆ ಓದುತ್ತಿರುತ್ತಾರೆ, ಹಳದಿ ಗುಲಾಬಿ ಪೆನ್ನಿನಲ್ಲಿ ಗೆರೆ ಎಳೆಯುತ್ತಿರುತ್ತಾರೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ಒಂದು ವಾರ ಕಳೆದ ಮೇಲೆ, ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರೇ ಮುಂದೆ ಬಂದರು. ಮತ್ತೆ ಮತ್ತೆ ಓದಿದಾಗ ಎಲ್ಲವೂ ಗೊತ್ತಿದೆ ಎಂಬ ಭಾವನೆ ಬರುತ್ತದೆ, ಆ ಭಾವನೆ ಮಗುವನ್ನು ಮೋಸಗೊಳಿಸುತ್ತದೆ. ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಬರೆದ ನಲವತ್ತು ನಿಮಿಷ, ತೂಕಡಿಸುತ್ತಾ ತಿರುವಿದ ಎರಡು ಗಂಟೆಗಿಂತ ಮೇಲು.

ಗಣಿತದ ಉತ್ತರ ಪತ್ರಿಕೆಯನ್ನು ನೀವು ಕೈಯಲ್ಲಿ ಹಿಡಿದು ನೋಡಿದ್ದೀರಾ? ಅಂಕವನ್ನಲ್ಲ, ಒಳಗಿನ ಹಾಳೆಗಳನ್ನು. ಕೆಲವು ವರ್ಷಗಳ ಹಿಂದೆ ಚಿತ್ರದುರ್ಗದಿಂದ ಒಬ್ಬ ಹುಡುಗನನ್ನು ಕರೆತಂದಿದ್ದರು. ಅವನದೂ ಹೀಗೇ, ಕ್ರೀಡಾಕೂಟದ ಓಟಗಾರ, ಗಣಿತದಲ್ಲಿ ಫೇಲು. ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ ಇಬ್ಬರೂ ಕೆಂಪು ಗುರುತುಗಳನ್ನು ಎಣಿಸಿದೆವು. (ಎ–ಬಿ)ಯ ವರ್ಗವನ್ನು ವಿಸ್ತರಿಸುವಾಗ ಪ್ರತಿ ಸಲವೂ ನಡುವಿನ ಪದವನ್ನೇ ಬಿಟ್ಟಿದ್ದ. ಕಳೆದುಕೊಂಡ ಅಂಕಗಳಲ್ಲಿ ಅರ್ಧದಷ್ಟು ಆ ಒಂದೇ ತಪ್ಪಿನ ಮರಿಗಳು. ಅವನು ಬೆರಳಿಟ್ಟು ನೋಡಿ, “ಅಷ್ಟೇನಾ ಟೀಚರ್?” ಎಂದ. ಅವನಿಗೆ ಬೇಕಾಗಿದ್ದದ್ದು ಇನ್ನೊಂದು ಟ್ಯೂಷನ್ ಅಲ್ಲ, ಮೂರು ದಿನ ಅರ್ಧರ್ಧ ಗಂಟೆ ಪಕ್ಕದಲ್ಲಿ ಕೂತು ಆ ಗಂಟನ್ನು ಬಿಡಿಸುವವರು. ನಿಮ್ಮ ಮಗಳ 14 ಅಂಕ ಎಲ್ಲಿ ಹೋಯಿತೆಂದು ಗಣಿತ ಶಿಕ್ಷಕರ ಜೊತೆ ಒಮ್ಮೆ ಕೂತು ನೋಡಿ.

ಮುಂದಿನ ವರ್ಷದ ಭಯಕ್ಕೆ ಬರೋಣ. ಒಂಬತ್ತನೇ ತರಗತಿಯ ಎಸ್‌ಎ-1ರ ಅಂಕ ಎಸ್ಸೆಸ್ಸೆಲ್ಸಿಯ ಒಟ್ಟು ಅಂಕಕ್ಕೆ ಸೇರುವುದಿಲ್ಲ. ಹಾಗೆಂದು ಒಂಬತ್ತನೇ ತರಗತಿ ಲೆಕ್ಕಕ್ಕಿಲ್ಲ ಎನ್ನುವುದೂ ತಪ್ಪು. ಬಹುಪದೋಕ್ತಿಗಳ ಅಪವರ್ತನ ಈಗ ಗಟ್ಟಿಯಾಗದಿದ್ದರೆ ಹತ್ತರಲ್ಲಿ ವರ್ಗ ಸಮೀಕರಣ ಬಂದಾಗ ಮಗು ಎಡವುತ್ತದೆ. ಆದ್ದರಿಂದ ಈ ಪರೀಕ್ಷೆಯಲ್ಲಿ ಎಷ್ಟು ಬಂತು ಎಂಬುದಕ್ಕಿಂತ ಯಾವ ಅಧ್ಯಾಯ ಕೈಗೆ ಬರಲಿಲ್ಲ ಎಂಬುದು ಮುಖ್ಯ, ಅದನ್ನು ದಸರಾ ರಜೆಯಲ್ಲಿ ಸರಿಪಡಿಸಿಕೊಳ್ಳಲು ಸಮಯವೂ ಇದೆ. ಇದಕ್ಕೆ ವಿರುದ್ಧವಾದ ಇನ್ನೊಂದು ನಂಬಿಕೆಯನ್ನೂ ಹೇಳಿಬಿಡುತ್ತೇನೆ: ಜಿಲ್ಲಾ ಮಟ್ಟದ ಪ್ರಮಾಣಪತ್ರ ಇದ್ದರೆ ಮುಂದೆ ಕ್ರೀಡಾ ಕೋಟಾದಲ್ಲಿ ಸೀಟು ಸಿಗುತ್ತದೆ ಎಂದು ಕೆಲವರು ಧೈರ್ಯ ಹೇಳುತ್ತಾರೆ. ಅಲ್ಲಿನ ಸ್ಪರ್ಧೆ ಇದಕ್ಕಿಂತ ಬಹಳ ಮೇಲಿನ ಮಟ್ಟದ್ದು. ಸೀಟಿನ ಆಸೆಗೆ ಖೋ-ಖೋ ಆಡಿಸಬೇಡಿ.

ಹಾಗಾದರೆ ಯಾಕೆ ಆಡಬೇಕು? ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವ ಚಟುವಟಿಕೆ ಬೇಕೆನ್ನುತ್ತದೆ. ಶಾಲೆ, ಟ್ಯೂಷನ್, ಪುಸ್ತಕ ಎಂದು ಕೂತೇ ಇರುವ ನಿಮ್ಮ ಮಗಳಿಗೆ ಅದು ಸಿಗುವುದು ಈ ಒಂದೂವರೆ ಗಂಟೆಯಲ್ಲಿ ಮಾತ್ರ. ಅದಕ್ಕಿಂತ ದೊಡ್ಡದಾಗಿ, ಗಣಿತದಲ್ಲಿ 11 ಬಂದು ತಲೆ ತಗ್ಗಿಸಿರುವ ಮಗುವಿಗೆ ತಾನು ಬೇಕಾದವಳು ಎಂದು ಅನಿಸುವ ಜಾಗ ಈ ಹೊತ್ತಿನಲ್ಲಿ ಅದೊಂದೇ ಇರಬಹುದು.

ಆರೋಗ್ಯದ ಕಡೆಗೂ ಒಂದು ಕಣ್ಣಿರಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59.1ರಷ್ಟು ಮಂದಿಗೆ ರಕ್ತಹೀನತೆ ಇತ್ತು. ನಿಮ್ಮ ಮಗಳು ಆ ವಯಸ್ಸಿನ ಹೊಸ್ತಿಲಲ್ಲಿದ್ದಾಳೆ. ಸುಸ್ತು, ತೂಕಡಿಕೆ, ಗಮನ ನಿಲ್ಲದಿರುವುದು ಅದರ ಲಕ್ಷಣಗಳೂ ಹೌದು. ಜಿಲ್ಲಾ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ನುಂಗುತ್ತಾಳೆಯೇ ಎಂದು ಗದರದೆ ಕೇಳಿ. ನಾನು ಶಿಕ್ಷಕಿಯಾಗಿದ್ದಾಗ ಜಾಮೆಟ್ರಿ ಬಾಕ್ಸಿನೊಳಗೆ, ಕೋನಮಾಪಕದ ಕೆಳಗೆ, ನಾಲ್ಕೈದು ಮಾತ್ರೆಗಳು ಪುಡಿಯಾಗಿ ಕೂತಿದ್ದನ್ನು ಕಂಡಿದ್ದೇನೆ. ಊಟವಾದ ಮೇಲೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ಊಟದ ಜೊತೆಗೇ ಟೀ, ಕಾಫಿ ಬೇಡ, ಅವು ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಆಟ ಮುಗಿಸಿ ಟ್ಯೂಷನ್ನಿಗೆ ಓಡುವ ನಡುವೆ ಅವಳು ಏನು ತಿನ್ನುತ್ತಾಳೆ? ಮಂಡಕ್ಕಿ ಮೆಣಸಿನಕಾಯಿ ನಮ್ಮೂರಿನ ಹೆಮ್ಮೆ, ಆದರೆ ದಿನಾ ಸಂಜೆ ಅದೇ ಆದರೆ ಸಾಲದು. ಒಂದು ಶೇಂಗಾ ಉಂಡೆ, ಒಂದು ಬಾಳೆಹಣ್ಣು ಚೀಲದಲ್ಲಿರಲಿ.

ಈಗ ದಾರಿಗಳು. ನಿಮ್ಮ ಯಜಮಾನರು ಹೇಳುವಂತೆ ಎಲ್ಲವನ್ನೂ ಬಿಡಿಸಬಹುದು. ಅದರಿಂದ ವಾರಕ್ಕೆ ಹನ್ನೆರಡೂವರೆ ಗಂಟೆ ಉಳಿಯುತ್ತದೆ, ನಿಜ. ಆದರೆ ಉಳಿದ ಗಂಟೆಗಳೆಲ್ಲ ಓದಾಗುತ್ತವೆ ಎಂಬ ಭರವಸೆ ಇಲ್ಲ. ಅತ್ತು ಮುಖ ಊದಿಸಿಕೊಂಡ ಮಗು ಪುಸ್ತಕದ ಮುಂದೆ ಕೂರುತ್ತದೆ, ಒಳಗೆ ಹೋಗುವುದಿಲ್ಲ. ಜಿಲ್ಲಾ ಪಂದ್ಯಕ್ಕೆ ಮುಂಚೆ ತಂಡವನ್ನು ನಡುನೀರಿನಲ್ಲಿ ಬಿಟ್ಟವಳು ಎಂಬ ಮಾತನ್ನು ಗೆಳತಿಯರಿಂದ ಅವಳು ಬಹಳ ದಿನ ಕೇಳಬೇಕಾಗುತ್ತದೆ. ನನಗೆ ಎಲ್ಲಕ್ಕಿಂತ ಆತಂಕ ತರುವ ಅಪಾಯ ಇನ್ನೊಂದು. “ಪರೀಕ್ಷೆ ಮುಗಿಯಲಿ, ಆಮೇಲೆ ಸೇರಿಸೋಣ” ಎಂದು ಬಿಡಿಸಿದ ಆಟ ಮತ್ತೆ ಶುರುವಾದದ್ದನ್ನು, ಅದರಲ್ಲೂ ಹುಡುಗಿಯರ ವಿಷಯದಲ್ಲಿ, ನಾನು ಬಹಳ ಅಪರೂಪಕ್ಕೆ ಕಂಡಿದ್ದೇನೆ. ಎಸ್‌ಎ-1 ಆದ ಮೇಲೆ ಎಸ್ಸೆಸ್ಸೆಲ್ಸಿ, ಅದಾದ ಮೇಲೆ ಪಿಯುಸಿ, ಸಿಇಟಿ, ಆಮೇಲೆ ಮದುವೆಯ ಮಾತು. ಬಿಡಿಸುವವರು ಯಾರೂ ಶಾಶ್ವತವಾಗಿ ಎಂದು ಹೇಳಿರುವುದಿಲ್ಲ, ಆದರೆ ಅದು ಶಾಶ್ವತವಾಗಿಬಿಡುತ್ತದೆ.

ಈಗಿನಂತೆಯೇ ಎಲ್ಲವನ್ನೂ ಮುಂದುವರಿಸುವುದು ಇನ್ನೊಂದು ದಾರಿ. ಅದನ್ನು ನಾನು ಒಪ್ಪುವುದಿಲ್ಲ. ಅಂಕದ ಮಾತು ಹಾಗಿರಲಿ, ಮೈಯ ಅಪಾಯವಿದೆ. ಅಮೆರಿಕದಲ್ಲಿ 112 ವಿದ್ಯಾರ್ಥಿ ಕ್ರೀಡಾಪಟುಗಳನ್ನು ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂಟು ಗಂಟೆಗಿಂತ ಕಡಿಮೆ ಮಲಗುವವರಿಗೆ ಗಾಯವಾಗುವ ಸಂಭವ ಉಳಿದವರಿಗಿಂತ 1.7 ಪಟ್ಟು ಇತ್ತು. ಐದು ಗಂಟೆ ಮಲಗಿದ ಮಗು ಕಂಬದ ಬಳಿ ಡೈವ್ ಹೊಡೆಯುವಾಗ ಏನಾದೀತೆಂದು ದೈಹಿಕ ಶಿಕ್ಷಕರಿಗೂ ಗೊತ್ತಿರುತ್ತದೆ. ಅವಳು ಎಷ್ಟು ಮಲಗುತ್ತಾಳೆ ಎಂಬುದು ಅವರಿಗೆ ಗೊತ್ತಿರಲಾರದು. ಹೇಳಿ.

ನಾನು ಸೂಚಿಸುವ ದಾರಿಯನ್ನು ಮಗಳಿಗೆ ಅವಳ ಆಟದ ಮಾತಿನಲ್ಲೇ ಹೇಳಬಹುದು. ಖೋ-ಖೋದಲ್ಲಿ ಬೆನ್ನಟ್ಟುವ ತಂಡದ ಎಂಟು ಮಂದಿ ಸಾಲಿನಲ್ಲಿ ಕೂತಿರುತ್ತಾರೆ, ಒಬ್ಬಳು ಓಡುತ್ತಾಳೆ. ಕೂತವರು ಆಟದಿಂದ ಹೊರಗಾದವರಲ್ಲ, ‘ಖೋ’ ಬಿದ್ದಾಗ ಏಳುವವರು. ಈ ಮೂರು ವಾರ ಯಾವುದು ಓಡಬೇಕು, ಯಾವುದು ಕೂರಬೇಕು ಎಂದು ಅವಳನ್ನೇ ಕೇಳಿ, ಅವಳೇ ಬರೆಯಲಿ. ನನ್ನ ಎಣಿಕೆ ಹೀಗಿದೆ: ಜಿಲ್ಲಾ ಪಂದ್ಯ ಮುಗಿಯುವವರೆಗೆ ಖೋ-ಖೋ ಇರಲಿ, ಒಂದೂವರೆ ಗಂಟೆಯ ಬದಲು ಒಂದು ಗಂಟೆ ಸಾಕೇ ಎಂದು ದೈಹಿಕ ಶಿಕ್ಷಕರನ್ನು ಕೇಳಿ. ಸಂಗೀತ ಪಾಠ ಕೂರಲಿ. ಮನೆಯಲ್ಲಿ ಹಾಡಿಕೊಳ್ಳುವುದಕ್ಕೆ ಯಾರೂ ಅಡ್ಡಿ ಬರಬೇಡಿ. ಆಶುಭಾಷಣಕ್ಕೆ ವಿಷಯ ಸಿಗುವುದೇ ವೇದಿಕೆಯ ಬಳಿ, ಅದಕ್ಕೆ ಬಾಯಿಪಾಠ ಬೇಕಿಲ್ಲ. ದಿನಪತ್ರಿಕೆ ಓದಿ ಊಟದ ಹೊತ್ತಿನಲ್ಲಿ ನಿಮ್ಮೆದುರು ಎರಡು ನಿಮಿಷ ಮಾತಾಡಿದರೆ ತಯಾರಿ ಆಯಿತು. ಟ್ಯೂಷನ್ ಆರು ದಿನದ ಬದಲು ಮೂರು ದಿನ, ಗಣಿತ ಮತ್ತು ವಿಜ್ಞಾನಕ್ಕೆ ಮಾತ್ರ. ಇದೊಂದರಿಂದಲೇ ವಾರಕ್ಕೆ ಆರೂವರೆ ಗಂಟೆ ಉಳಿಯುತ್ತದೆ, ಸಂಗೀತದ ಮೂರು ಸೇರಿದರೆ ಒಂಬತ್ತೂವರೆ. ಟ್ಯೂಷನ್ ಇಲ್ಲದ ದಿನ ಸಂಜೆ ಏಳರಿಂದ ಒಂಬತ್ತರ ಒಳಗೆ, ಇನ್ನೂ ಕಣ್ಣು ಚುರುಕಾಗಿರುವಾಗ, ಓದು ಮುಗಿಯಲಿ. ರಾತ್ರಿ ಹತ್ತಕ್ಕೆ ದೀಪ ಆರಲಿ, ಬೆಳಿಗ್ಗೆ ಆರಕ್ಕೆ ಎಬ್ಬಿಸಿ. ಮೊಬೈಲ್ ಅಡುಗೆಮನೆಯಲ್ಲಿ ಚಾರ್ಜಿಗಿರಲಿ. ತಂಡದ ವಾಟ್ಸ್ಆ್ಯಪ್ ಗುಂಪಿನ ಮಾತುಕತೆ ಹತ್ತರ ಮೇಲೆಯೇ ಜೋರಾಗುತ್ತದೆ.

ಈ ದಾರಿಗೂ ತೊಡಕುಗಳಿವೆ. 12.30ಕ್ಕೆ ಒಗ್ಗಿದ ಮೈಗೆ ಹತ್ತಕ್ಕೆ ನಿದ್ದೆ ಬರುವುದಿಲ್ಲ. ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆಯಂತೆ ಹಿಂದಕ್ಕೆ ತನ್ನಿ, ಮೊದಲ ವಾರ ಕಷ್ಟವಾಗುತ್ತದೆ. ಟ್ಯೂಷನ್ ಕಡಿಮೆ ಮಾಡಿದ ಮೇಲೆ ಆ ಸಂಜೆಗಳನ್ನು ನೆಂಟರು, ಟಿವಿ ತಿಂದುಹಾಕಿದರೆ ನನ್ನ ಲೆಕ್ಕವೆಲ್ಲ ನೀರಿಗೆ ಹೋಗುತ್ತದೆ, ಅದನ್ನು ಕಾಯುವ ಕೆಲಸ ನಿಮ್ಮದು. ಪಂದ್ಯದ ದಿನಾಂಕ ಪರೀಕ್ಷೆಯ ದಿನಕ್ಕೇ ಬಿದ್ದರೆ ಏನು ಮಾಡುವುದೆಂದು ಈಗಲೇ ಮುಖ್ಯ ಶಿಕ್ಷಕರನ್ನು ಕಂಡು ಮಾತಾಡಿ; ಆ ವಿಷಯಕ್ಕೆ ಬೇರೆ ದಿನ ಪರೀಕ್ಷೆ ಬರೆಯಲು ಅವಕಾಶ ಕೊಡುತ್ತಾರೆಯೇ ಎಂಬುದನ್ನು ಪತ್ರ ಬರೆದು ಕೇಳಿ. ತಂಡ ಜಿಲ್ಲೆಯಲ್ಲಿ ಗೆದ್ದರೆ ಮುಂದಿನದು ವಿಭಾಗ ಮಟ್ಟ. ದಾವಣಗೆರೆ ಬೆಂಗಳೂರು ವಿಭಾಗಕ್ಕೆ ಸೇರಿರುವುದರಿಂದ ದೂರದ ಊರಿಗೆ ಹೋಗಬೇಕಾಗಬಹುದು, ಎರಡು ಮೂರು ದಿನ ಹೋಗುತ್ತದೆ. ಆಗ ಮತ್ತೊಮ್ಮೆ ಎಲ್ಲರೂ ಕೂತು ಲೆಕ್ಕ ಹಾಕಿ, ಈಗ ಮಾಡಿದ ತೀರ್ಮಾನವನ್ನೇ ಹಿಡಿದುಕೊಂಡು ಕೂರಬೇಡಿ.

ಊಟ ಬಿಟ್ಟು ಅಳುವುದು ಈ ಜಗಳದ ದಿನಗಳಿಗಷ್ಟೇ ಸೀಮಿತವಾಗಿದ್ದರೆ ಭಯಬೇಡ. ಎರಡು ವಾರಕ್ಕೂ ಮೀರಿ ನಿದ್ದೆ, ಊಟ ಸರಿಹೋಗದಿದ್ದರೆ, ಆಟವೂ ಬೇಡವೆನ್ನಲು ಶುರುಮಾಡಿದರೆ, ಬದುಕೇ ಬೇಡ ಎಂಬರ್ಥದ ಮಾತು ಒಮ್ಮೆಯಾದರೂ ಬಾಯಿಂದ ಬಂದರೆ, ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಇವತ್ತು ಸಂಜೆ ಮಾಡಬೇಕಾದ ಕೆಲಸ ಒಂದಿದೆ. ಗೋಡೆಯ ಕ್ಯಾಲೆಂಡರ್ ಇಳಿಸಿ, ಎಸ್‌ಎ-1 ಮುಗಿಯುವ ದಿನವನ್ನು ಗುರುತು ಮಾಡಿ, ಅದರ ನಂತರದ ಮೊದಲ ಶನಿವಾರಕ್ಕೆ ಮಗಳ ಕೈಯಲ್ಲೇ ‘ಸಂಗೀತ ಪಾಠ’ ಎಂದು ಬರೆಸಿ. ಪಕ್ಕದಲ್ಲಿ ಅವಳ ತಂದೆಯ ಸಹಿ ಇರಲಿ. ಸಂಗೀತದ ಮೇಷ್ಟ್ರಿಗೂ ಅದೇ ದಿನಾಂಕವನ್ನು ಇವತ್ತೇ ತಿಳಿಸಿ, ಅವರು ಅವಳ ಜಾಗವನ್ನು ಕಾಯ್ದಿಟ್ಟಿರುತ್ತಾರೆ.